ಇಳಿಯದ ಸ್ಟೆಪ್ನಿ, ಜ್ವರದಲ್ಲಿದ್ದ ಹುಳ

ನನಗಾಗ ಅರವತ್ತೇಳು. ಇದಾಗಿ ಮೂರು ವರ್ಷ ಆಯ್ತು. ಮೊಣಕಾಲು ಆಗ್ಲೇ ಕೈಕೊಟ್ಟಿತ್ತು, ಕಣ್ಣು ನೆಟ್ಟಗಿತ್ತು. ಅವತ್ತು ಬೇಕಾಗಿದ್ದದ್ದು ಕಣ್ಣೇ.

ಸೂಲಿಬೆಲೆ ಕಡೆ ನಮ್ಮದು ಚಾಕಿ ಮನೆ. ರೇಷ್ಮೆ ಹುಳ ಮೊಟ್ಟೆ ಒಡೆದಾಗ ಇರುವೆಗಿಂತ ಸಣ್ಣಕಿರುತ್ತೆ. ಅದನ್ನ ಎರಡನೇ ಜ್ವರದ ತನಕ ಸಾಕಿ ರೈತರ ಮನೆಗೆ ಮುಟ್ಟಿಸೋದು ನನ್ನ ಕೆಲಸ. ಜ್ವರ ಅಂದ್ರೆ ಕಾಯಿಲೆ ಅಲ್ಲ. ಹುಳ ಸೊಪ್ಪು ಬಿಟ್ಟು, ತಲೆ ಎತ್ಕೊಂಡು, ಅಲ್ಲಾಡದೆ ಕೂತು ಹಳೇ ಚರ್ಮ ಕಳಚುತ್ತೆ. ಆ ಹೊತ್ತಲ್ಲೇ ಸಾಗಿಸಬೇಕು, ಯಾಕಂದ್ರೆ ಆಗ ಅದು ಸೊಪ್ಪು ಕೇಳಲ್ಲ. ಎದ್ದ ಮೇಲೆ ಹಸಿವು ತಡಿಯಲ್ಲ. ದಾರೀಲಿ ಬಿಸಿಲು, ಗಾಳಿ ಹೊಡೆದ್ರೆ ಅರ್ಧ ಏಳುತ್ತೆ, ಅರ್ಧ ಕೂತಿರುತ್ತೆ. ಆಮೇಲೆ ಬೆಳೆ ಪೂರ್ತಿ ಏರುಪೇರು. ಒಂದು ಹುಳ ಗೂಡು ಕಟ್ಟೋವಾಗ ಪಕ್ಕದ್ದು ಇನ್ನೂ ಸೊಪ್ಪು ಕಡೀತಿರುತ್ತೆ.

ಅವತ್ತಿನ ಹುಳ ಆವತಿ ಆಚೆ ಒಂದು ಮನೆಗೆ ಹೋಗಬೇಕಿತ್ತು. ಆ ಮನೆ ಸೊಸೆ ಹೊಸದಾಗಿ ಹುಳ ಸಾಕೋಕೆ ಕೂತಿದ್ದಳು. ಹಿಂದಿನ ಬೆಳೆ ಸಪ್ಪೆ ರೋಗಕ್ಕೆ ಹೋಗಿತ್ತು. ಗಂಡ, ಮಾವ ಇಬ್ಬರೂ ಹೇಳಿಬಿಟ್ಟಿದ್ದರಂತೆ, ‘ಇದೊಂದು ಬೆಳೆ ನೋಡ್ತೀವಿ, ಇದೂ ಕೆಟ್ರೆ ಹಿಪ್ಪುನೇರಳೆ ಕಿತ್ತು ಜಾಗಾನ ಲೇಔಟಿನೋರಿಗೆ ಬಿಡೋದೇ.’ ಅವಳೇ ಫೋನಲ್ಲಿ ಹೇಳಿದ್ದು. ನಾನು, ‘ಹುಳ ತಂದು ಮುಟ್ಟಿಸ್ತೀನಿ, ಉಳಿದದ್ದು ನಿನ್ನ ಕೈ’ ಅಂದಿದ್ದೆ. ಅಂದ್ಮೇಲೆ ಮುಟ್ಟಿಸಬೇಕು ತಾನೆ.

ನಮ್ಮ ಗಾಡಿ ನಾಲ್ಕು ಚಕ್ರಕ್ಕೂ ಎಳೆಯೋ ಜೀಪು, ಹಳೇದು. ಮಳೆ ಬಂದ್ರೆ ಹಿಪ್ಪುನೇರಳೆ ತೋಟದ ಓಣಿಗಳಲ್ಲಿ ಬೇರೆ ಗಾಡಿ ಹೂತುಹೋಗುತ್ತೆ, ಇದು ಹೋಗಲ್ಲ ಅಂತ ತಗೊಂಡಿದ್ದು. ಡ್ರೈವರು ನಲವತ್ತರ ಆಸಾಮಿ. ಓಡಿಸೋದು ಬರುತ್ತೆ, ಬಾಯಿ ಅದಕ್ಕಿಂತ ಚೆನ್ನಾಗಿ ಬರುತ್ತೆ. ದೇವನಹಳ್ಳಿ ಕಡೆ ದೊಡ್ಡ ರಸ್ತೆ ಅಗೆದಿದ್ದಾರೆ, ಒಳಗಡೆ ಕ್ರಷರ್ ರಸ್ತೇಲಿ ಹೋಗೋಣ ಅಂದ. ಬೆಳಗಿನ ತಂಪಲ್ಲೇ ಹೊರಟಿದ್ವಿ, ಹೂಂ ಅಂದೆ.

ಕ್ರಷರ್ ದಾಟಿ ಸ್ವಲ್ಪ ದೂರಕ್ಕೆ ಹಿಂದುಗಡೆ ಎಡಕ್ಕೆ ಫಟ್ ಅಂತು. ಇಳಿದು ನೋಡಿದ್ರೆ ಟಿಪ್ಪರಿಂದ ಬಿದ್ದ ಜಲ್ಲಿ ಕಲ್ಲು ಟೈರಿನ ಪಕ್ಕೇನ ಸೀಳಿತ್ತು, ಬೆರಳು ತೂರೋ ಅಷ್ಟು. ತಳದಲ್ಲಿ ತೂತಾಗಿದ್ರೆ ಪಂಕ್ಚರ್ ಹಾಕ್ತಾರೆ. ಪಕ್ಕೆ ಸೀಳಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ.

‘ಸ್ಟೆಪ್ನಿ ಇದೆಯಲ್ಲಮ್ಮಾ, ಎರಡು ಬೀಡಿ ಸೇದೋ ಹೊತ್ತು’ ಅಂದ ಡ್ರೈವರು.

‘ಹುಳದ ಗಾಡಿ ಹತ್ರ ಬೀಡಿ ಮುಟ್ಟಿದ್ರೆ ಕೈ ಮುರೀತೀನಿ.’

‘ಮಾತಿಗಂದೆ ಕಣಮ್ಮಾ.’

ಈ ಜೀಪಿಗೆ ಸ್ಟೆಪ್ನಿ ಬಾಗಿಲ ಮೇಲಿಲ್ಲ. ಗಾಡಿ ಹೊಟ್ಟೆಯಡಿ, ಹಿಂದುಗಡೆ, ಮಲಗಿಸಿದ ಹಾಗೆ ನೇತಾಡುತ್ತೆ. ಮರಿ ಕೋತಿ ತಾಯಿ ಹೊಟ್ಟೆಗೆ ಅವುಚ್ಕೊಂಡಿರಲ್ವಾ, ಹಾಗೆ. ಬಂಪರ್ ಮೇಲೆ ಒಂದು ತೂತಿದೆ. ಅದರೊಳಗೆ ಉದ್ದನೆ ರಾಡು ತೂರಿಸಿ ತಿರುಗಿಸಿದ್ರೆ ಒಳಗೊಂದು ರಾಟೆ ತಿರುಗಿ, ಕೇಬಲ್ಲು ಬಿಚ್ಕೊಂಡು, ಚಕ್ರ ಕೆಳಗಿಳಿಯುತ್ತೆ. ಈ ವಿಷಯ ನನಗೆ ಅವತ್ತೇ ಗೊತ್ತಾಗಿದ್ದು. ಗಾಡಿ ಬಂದಾಗಿಂದ ಅದು ಒಂದ್ಸಲಾನೂ ಇಳಿದಿರಲಿಲ್ಲ.

ಡ್ರೈವರು ತಿರುಗಿಸಿದ. ಮೊದಲು ಬಿಗಿ, ಆಮೇಲೆ ಸರಾಗ. ‘ಬಂತು ಬಂತು’ ಅಂದ. ಬಗ್ಗಿ ನೋಡ್ತೀನಿ, ಬಂದಿರೋದು ಬರೀ ಕೇಬಲ್ಲು. ಸಡಿಲವಾಗಿ, ಹಗ್ಗದ ಕುಣಿಕೆ ಹಾಗೆ ಕೆಳಗೆ ತೂಗಾಡ್ತಿತ್ತು. ಚಕ್ರ ಇದ್ದಲ್ಲೇ ಇತ್ತು.

ಅಲ್ಲಿಂದ ಶುರುವಾಯ್ತು. ಮೊದಲು ಒದ್ದ. ಆಮೇಲೆ ಸೈಜುಗಲ್ಲು ತಂದು ಟೈರಿಗೆ ಬಡಿದ, ಕಲ್ಲು ಪುಟಿದು ಅವನ ಕಾಲಿಗೇ ಬಿತ್ತು. ಜಾಕಿನ ಹಿಡಿ ಸಂದೀಲಿ ಕೊಟ್ಟು ಮೀಟಿದ, ಹಿಡಿ ಬಗ್ಗಿತು. ಫೋನಲ್ಲಿ ವಿಡಿಯೋ ಹಾಕಿದ. ಯಾರೋ ಬಿಳೀ ಆಸಾಮಿ ರಾಡು ಹಾಕಿ ತಿರುಗಿಸ್ತಾನೆ, ಚಕ್ರ ಗುಂಡಗೆ ಇಳಿದು ನೆಲಕ್ಕೆ ಕೂರುತ್ತೆ. ಅವನ ಗಾಡಿ ಹೊಟ್ಟೆ ತೊಳೆದ ತಟ್ಟೆ ಹಾಗಿತ್ತು.

‘ಕೇಬಲ್ ಕತ್ತರಿಸ್ಬಿಡೋಣಮ್ಮಾ. ಕ್ರಷರ್‌ನೋರ ಹತ್ರ ಕಟರ್ ಇರುತ್ತೆ.’

‘ಕೇಬಲ್ಲು ಸಡಿಲವಾಗಿ ನೇತಾಡ್ತಿದೆ. ಅದು ಚಕ್ರಾನ ಹಿಡಿದಿಲ್ಲ. ಹಿಡೀದೇ ಇರೋದನ್ನ ಕತ್ತರಿಸಿದ್ರೆ ಏನ್ ಬರುತ್ತೋ?’

ಅವನು ಫೋನ್ ಜೇಬಿಗಿಟ್ಟ. ಕೇಬಲ್ಲು ಹಿಡಿದಿಲ್ಲ ಅಂದ್ರೆ ಮತ್ತೆ ಯಾವುದು ಹಿಡಿದಿದೆ? ಆ ಪ್ರಶ್ನೆ ತಲೇಲಿ ಕೂತ್ಕೊಂಡ್ಬಿಡ್ತು.

ಮೊದಲು ಹುಳದ ಕೆಲಸ. ರಸ್ತೆ ಪಕ್ಕ ಮೋರಿ ಇತ್ತು, ಮೇಲೆ ಹೊಂಗೆ ಮರದ ನೆರಳು. ಟ್ರೇಗಳನ್ನ ಒಂದೊಂದಾಗಿ, ನೀರು ತುಂಬಿದ ಪಾತ್ರೆ ಹೊತ್ತ ಹಾಗೆ, ಅಲುಗದ ಹಾಗೆ ಮೋರಿ ಕಟ್ಟೆ ಮೇಲಿಟ್ಟು ಬಟ್ಟೆ ಕಟ್ಟಿದ್ವಿ. ಇರುವೆ ಹತ್ತಬಾರದು ಅಂತ ಸುತ್ತ ಸುಣ್ಣದ ಪುಡಿ ಗೆರೆ ಎಳೆದೆ. ಸುಣ್ಣ ನಮ್ಮ ಗಾಡೀಲಿ ಯಾವಾಗಲೂ ಇರುತ್ತೆ. ಒಂದು ಬಟ್ಟೆ ಎತ್ತಿ ನೋಡಿದೆ. ಎಲ್ಲಾ ತಲೆ ಎತ್ಕೊಂಡು ಕೂತಿದ್ವು. ಇನ್ನೂ ಹೊತ್ತಿತ್ತು. ಜಾಸ್ತಿ ಇರಲಿಲ್ಲ.

ಆಮೇಲೆ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿಸಿ, ಹಿಂದುಗಡೆ ಗೋಣಿ ಚೀಲ ಹಾಸಿ ಮಲಗಿದೆ.

‘ಅಯ್ಯೋ ಅಮ್ಮಾ, ಈ ವಯಸ್ಸಲ್ಲಿ ಗಾಡಿ ಕೆಳಗೆ!’

‘ಕೆಳಗಲ್ಲ, ಹಿಂದೆ. ನೀನು ಬಡ್ದಿದ್ದು ಸಾಕು, ನಿನ್ನ ಫೋನ್ ಲೈಟ್ ಬಿಡು.’

ಲೈಟ್ ಬಿಟ್ಟ. ತುಕ್ಕು, ಕೆಮ್ಮಣ್ಣು ಕಾಣುತ್ತೆ ಅಂದ್ಕೊಂಡಿದ್ದೆ. ಕಂಡಿದ್ದು ಬಿಳಿ. ರಿಮ್ಮಿನ ಮೇಲೆ, ರಾಟೆ ಸುತ್ತ, ಚಾಸಿ ಸಂದೀಲಿ, ಎಲ್ಲಾ ಕಡೆ ಬೂದು ಬಿಳಿ ಹೊಪ್ಪಳೆ. ಉಗುರಲ್ಲಿ ಕೆರೆದೆ, ಬರಲಿಲ್ಲ. ಪಾನಾ ತುದೀಲಿ ಕುಟ್ಟಿದೆ, ಒಂದು ಚೂರು ಬಿತ್ತು. ಬೆರಳಲ್ಲಿ ಉಜ್ಜಿ ಮೂಸಿದೆ. ಸುಣ್ಣ.

ಇದು ಎಲ್ಲಿಂದ ಬಂತು ಅಂತ ಯೋಚನೆ ಮಾಡಬೇಕಾಗಿರಲಿಲ್ಲ. ಚಾಕಿ ಮನೇಲಿ ಶುದ್ಧ ಮೊದಲು, ಹುಳ ಆಮೇಲೆ. ಒಂದೂರಿಂದ ಇನ್ನೊಂದೂರಿಗೆ ರೋಗ ಗಾಡಿ ಚಕ್ರದಲ್ಲೇ ಬರುತ್ತೆ. ಅದಕ್ಕೆ ಪ್ರತೀ ಸಲ ಹುಳ ತುಂಬೋಕೆ ಮುಂಚೆ ಸುಣ್ಣ, ಬ್ಲೀಚಿಂಗ್ ಪುಡಿ ಕಲೆಸಿದ ನೀರನ್ನ ಪಂಪಲ್ಲಿ ಗಾಡಿಗೆ ಹೊಡಿಸ್ತೀನಿ. ಉಳಿದ ಚಾಕಿ ಮನೆಯೋರು ಚಕ್ರಕ್ಕೆ ಹೊಡೀತಾರೆ. ನಾನು ‘ಹೊಟ್ಟೆಗೂ ಹೊಡಿ’ ಅಂತಿದ್ದೆ. ಡ್ರೈವರು ಆ ಒಂದು ಮಾತನ್ನ ಮಾತ್ರ ಚೆನ್ನಾಗಿ ಕೇಳ್ತಿದ್ದ. ಸುಣ್ಣದ ನೀರು ಕೂತು, ಅದರ ಮೇಲೆ ಕ್ರಷರ್ ರಸ್ತೆ ಕಲ್ಲು ಪುಡಿ ಕೂತು, ಮತ್ತೆ ಸುಣ್ಣ, ಮತ್ತೆ ಪುಡಿ. ಹಳೇ ಕಾಲದಲ್ಲಿ ಗೋಡೆ ಕಟ್ಟೋಕೆ ಗಾರೆ ಅರೀತಿದ್ರಲ್ಲ, ಅದೇ. ನನ್ನ ಗಾಡಿ ಹೊಟ್ಟೇಲಿ ಗಾರೆ ಕೆಲಸ ಆಗಿತ್ತು.

‘ನಿನ್ನ ಗಾಡೀಗೆ ಸುಣ್ಣಕಟ್ಟು ರೋಗ ಬಂದಿದೆ ಕಣೋ’ ಅಂದೆ. ಹುಳ ಸತ್ತು ಸುಣ್ಣದ ಕಡ್ಡಿ ಹಾಗೆ ಸೆಟೆದುಕೊಳ್ಳೋ ರೋಗ ಅದು.

‘ರೋಗ ಬರಬಾರದು ಅಂತ ತಾನೆ ನೀವು ಹೊಡಿಸಿದ್ದು?’

‘ಹೂಂ. ಹುಳಕ್ಕೆ ಬರಲಿಲ್ಲ, ಗಾಡಿಗೆ ಬಂತು.’

ಅವನಿಗೆ ತಕ್ಷಣ ಒಂದು ಉಪಾಯ ಹೊಳೀತು. ಕ್ರಷರ್ ಹತ್ತಿರದ ಅಂಗಡೀಲಿ ಬಚ್ಚಲು ತೊಳಿಯೋ ಆಸಿಡ್ ಸಿಗುತ್ತೆ, ಸುರಿದ್ರೆ ಸುಣ್ಣ ನೊರೆ ಬಂದು ಕರಗುತ್ತೆ ಅಂದ. ಕರಗುತ್ತೆ, ಸುಳ್ಳಲ್ಲ. ಆದ್ರೆ ಅದು ಬರೀ ಸುಣ್ಣ ಅಲ್ಲ, ಬ್ಲೀಚಿಂಗ್ ಪುಡೀನೂ ಇದೆ. ಬ್ಲೀಚಿಂಗಿಗೆ ಆಸಿಡ್ ಬಿದ್ರೆ ಉಸಿರು ಕಟ್ಟೋ ಹೊಗೆ ಏಳುತ್ತೆ, ತರಬೇತೀಲಿ ಮೊದಲನೇ ದಿನವೇ ಹೇಳಿಕೊಡ್ತಾರೆ. ನಮಗಾದ್ರೆ ದೂರ ಓಡಬಹುದು. ಮೋರಿ ಮೇಲಿರೋದು ಓಡಲ್ಲ. ಬೇಡ ಅಂದೆ.

ಮತ್ತೆ ಲೈಟ್ ಹಿಡಿಸಿ ನೋಡಿದೆ. ಈಗ ಯಾವುದು ಎಲ್ಲಿದೆ ಅಂತ ಒಂದೊಂದಾಗಿ ಬಿಡಿಸಿಕೊಳ್ತಾ ಬಂದೆ. ಕೇಬಲ್ ತುದೀಲಿ ಒಂದು ಕಬ್ಬಿಣದ ತಟ್ಟೆ. ಅದು ರಿಮ್ಮಿನ ನಡು ತೂತಿನ ಅಡಿ ಬಂದು ಚಕ್ರಾನ ಹೊತ್ಕೊಳ್ಳಬೇಕು. ಆ ತಟ್ಟೆ ಈಗ ಕೇಬಲ್ ಜೊತೆ ಕೆಳಗಿಳಿದು ತೂಗಾಡ್ತಿದೆ. ಚಕ್ರಾನ ಹೊತ್ತಿರೋದು ಮೇಲಿನ ಒಂದು ಕೊಕ್ಕೆ, ಗಿಳಿ ಕೊಕ್ಕಿನಷ್ಟು. ಕೇಬಲ್ಲು ದಾರೀಲಿ ತುಂಡಾದ್ರೂ ಚಕ್ರ ರಸ್ತೆಗೆ ಬೀಳಬಾರದು ಅಂತ ಇಟ್ಟಿರೋದು ಅಂತ ನೋಡಿದ್ರೇ ಗೊತ್ತಾಗುತ್ತೆ. ಚಕ್ರ ಮೇಲಕ್ಕೆ ಒತ್ತಿದಾಗ ಆ ಕೊಕ್ಕೆ ಸರಿದು ದಾರಿ ಬಿಡಬೇಕು. ಸುಣ್ಣ ಕಟ್ಟಿ ಸರಿದಿಲ್ಲ. ಚಕ್ರ ಅದರ ಮೇಲೆ ಕೂತುಬಿಟ್ಟಿದೆ. ಎಷ್ಟು ಕೆಳಕ್ಕೆ ಎಳೆದ್ರೆ ಅಷ್ಟು ಗಟ್ಟಿ ಕೂರುತ್ತೆ.

ಕೇಬಲ್ಲನ್ನೂ ನೋಡಿದೆ. ಬ್ಲೀಚಿಂಗ್ ತಿಂದು ಎಳೆ ಎಳೆ ಕಿತ್ತಿತ್ತು, ಹಳೇ ಪೊರಕೆ ಹಾಗೆ.

ಅಷ್ಟರಲ್ಲಿ ಆವತಿ ಆಚೆಯ ಆ ಸೊಸೆ ಮೊಪೆಡ್ಡಲ್ಲಿ ಬಂದೇಬಿಟ್ಟಳು. ಫೋನಲ್ಲಿ ಎಲ್ಲಿದೀವಿ ಅಂತ ಡ್ರೈವರು ಹೇಳಿದ್ದನಂತೆ. ಹಿಂದುಗಡೆ ಒದ್ದೆ ಗೋಣಿ ಚೀಲದಲ್ಲಿ ಎಳೇ ಸೊಪ್ಪು, ಚೀಲದ ಬಾಯಲ್ಲಿ ಕುಡುಗೋಲು ಸಿಕ್ಕಿಸಿತ್ತು. ಗಾಡಿ ಸ್ಟ್ಯಾಂಡ್ ಹಾಕಿದ್ದೇ ತಡ, ಮೋರಿ ಹತ್ತಿರ ಓಡಿ ಬಟ್ಟೆ ಎತ್ತಿದಳು.

‘ಅಜ್ಜೀ, ಇದೊಂದು ಅಲ್ಲಾಡ್ತಿದೆ!’

‘ಒಂದು ಅಲ್ಲಾಡಿದ್ರೆ ಅಲ್ಲಾಡ್ಲಿ. ಸೊಪ್ಪು ಹಾಕ್ಬೇಡ. ಎಲ್ಲಾ ಎದ್ದ ಮೇಲೆ ಒಟ್ಟಿಗೆ ಹಾಕ್ಬೇಕು.’

‘ನಮ್ಮ ಮೈದುನನ ಗೂಡ್ಸ್ ಆಟೋ ಕರೆಸ್ಲಾ?’

‘ಅದರಲ್ಲಿ ಏನು ಹೊಡೀತಾನೆ?’

‘ದ್ರಾಕ್ಷಿ.’

‘ಔಷಧಿ ಹೊಡೆದ ದ್ರಾಕ್ಷಿ ಹೊತ್ತ ಗಾಡೀಲಿ ಹುಳ ಹಾಕಿದ್ರೆ ನಿಮ್ಮೂರು ಮುಟ್ಟೋದ್ರೊಳಗೆ ವಾಂತಿ ಮಾಡಿ ಸಾಯ್ತವೆ. ಬೇಡ ಕಣವ್ವಾ.’

‘ಮೊಪೆಡ್ಡಲ್ಲಿ ಒಂದೊಂದೇ ಟ್ರೇ...’

‘ಗಾಳಿ ಹೊಡೆಯುತ್ತೆ, ಕುಲುಕುತ್ತೆ. ಜ್ವರದಲ್ಲಿದೆ.’

ಅವಳ ಕಣ್ಣು ತುಂಬಿಕೊಂಡ್ವು. ನಾನು ನೋಡದ ಹಾಗಿದ್ದೆ. ಸಮಾಧಾನ ಹೇಳ್ತಾ ಕೂತ್ರೆ ಬಿಸಿಲು ನಿಲ್ಲಲ್ಲ.

ಆಗ ಹಿಂದಿಂದ ಒಂದು ಟಿಪ್ಪರ್ ಬಂದು ನಿಂತಿತು. ಅದರ ಡ್ರೈವರು ಇಳಿದು, ಸೊಂಟಕ್ಕೆ ಕೈ ಕೊಟ್ಟು ನಮ್ಮನ್ನೆಲ್ಲಾ ನೋಡಿದ. ‘ಏನ್ ಗುರು, ಅಜ್ಜೀನ ಮೆಕ್ಯಾನಿಕ್ ಮಾಡ್ಕೊಂಡಿದೀಯಾ?’

‘ಸ್ಟೆಪ್ನಿ ಕಚ್ಕೊಂಡಿದೆ ಗುರು’ ಅಂದ ನಮ್ಮವನು.

‘ಅಷ್ಟೇನಾ! ಚೈನ್ ಕಟ್ಟು, ಟಿಪ್ಪರಿಗೆ ತಗುಲಿಸು, ಒಂದು ಜಗ್ಗು ಜಗ್ಗಿದ್ರೆ ಅದರಪ್ಪನೂ ಬರ್ತಾನೆ.’

ನಮ್ಮವನ ಮುಖ ಅರಳಿತು. ಸೊಸೇನೂ ‘ಜಗ್ಗಿಬಿಡಿ ಅಜ್ಜೀ, ಜಗ್ಗಿಬಿಡಿ’ ಅಂದಳು. ಟಿಪ್ಪರಿನೋನು ಆಗ್ಲೇ ಚೈನು ಎಳೆದು ತರ್ತಿದ್ದ. ಮೂರು ಜನ ಒಂದು ಕಡೆ, ನಾನೊಬ್ಬಳು ಗೋಣಿ ಚೀಲದ ಮೇಲೆ. ಜಗ್ಗಿದ್ರೆ ಬರ್ತಿತ್ತು, ಇಲ್ಲ ಅನ್ನಲ್ಲ. ಕೊಕ್ಕೆ, ರಾಟೆ, ಅದು ಕೂತಿರೋ ಪಟ್ಟಿ ಎಲ್ಲಾ ಒಟ್ಟಿಗೆ ಕಿತ್ಕೊಂಡು ಬರ್ತಿತ್ತು. ಪಕ್ಕದಲ್ಲೇ ಡೀಸೆಲ್ ಟ್ಯಾಂಕಿದೆ. ಅದು ಹರಿದ್ರೆ ಸ್ಟೆಪ್ನಿ ಇದ್ದೂ ಗಾಡಿ ಇಲ್ಲ.

ನನಗೆ ನೆನಪಾಗಿದ್ದು ಬಾವಿ. ಚಿಕ್ಕಂದಲ್ಲಿ ನೀರು ಸೇದೋವಾಗ ಹಗ್ಗ ಸಡಿಲ ಆದ್ರೂ ಕೊಡ ಇಳೀದೇ ಇದ್ರೆ, ಅದು ಬಾವಿ ಕಲ್ಲಿನ ಚಾಚಿನ ಮೇಲೆ ಕೂತಿದೆ ಅಂತ ಅರ್ಥ. ಆಗ ಇನ್ನಷ್ಟು ಹಗ್ಗ ಬಿಟ್ರೆ ಪ್ರಯೋಜನ ಇಲ್ಲ. ಮೊದಲು ಒಂದು ಗೇಣು ಮೇಲಕ್ಕೆ ಎತ್ತಬೇಕು, ಪಕ್ಕಕ್ಕೆ ಸರಿಸಬೇಕು, ಆಮೇಲೆ ಇಳಿಸಬೇಕು.

‘ಚೈನು ವಾಪಸ್ ಇಡಪ್ಪಾ. ಏರಿಸೋಣ’ ಅಂದೆ.

‘ಇಳೀದೇ ಇರೋದನ್ನ ಏರಿಸ್ತಾರಂತೆ ಕೇಳಿ’ ಅಂತ ಟಿಪ್ಪರಿನೋನು ನಕ್ಕ.

‘ನಗು. ನಕ್ಕೊಂಡೇ ನಿನ್ನ ಸುತ್ತಿಗೆ ತಗೊಂಡು ಬಾ.’

ರಾಡಲ್ಲಿ ಏರಿಸೋಕೆ ಕಿತ್ತ ಕೇಬಲ್ಲನ್ನ ನಂಬೋ ಹಾಗಿರಲಿಲ್ಲ. ಕೆಳಗಿಂದ ಒತ್ತಬೇಕು. ನಮ್ಮ ಜಾಕು ಇನ್ನೂ ಖಾಲಿ ಬಿದ್ದಿತ್ತು. ಅದನ್ನ ಸ್ಟೆಪ್ನಿ ಅಡಿ, ನಡುವಿಗಿಂತ ಸ್ವಲ್ಪ ಪಕ್ಕಕ್ಕೆ ಇಟ್ಟು, ಮೇಲೆ ಟ್ರೇ ಮುಚ್ಚೋ ಹಲಗೆ ಕೊಟ್ಟೆ, ಭಾರ ಹರಡಲಿ ಅಂತ. ಡ್ರೈವರಿಗೆ, ‘ನಿಧಾನ, ಕಾಲು ಸುತ್ತು ತಿರುಗಿಸು, ನಿಲ್ಲು. ನಾನು ಹೇಳಿದ ಮೇಲೆ ಮತ್ತೆ’ ಅಂದೆ.

ತಿರುಗಿಸಿದ. ಏನೂ ಇಲ್ಲ. ಮತ್ತೆ ತಿರುಗಿಸಿದ. ಗಾಡಿ ಹಿಂಭಾಗವೇ ಎದ್ದ ಹಾಗೆ ಕಂಡಿತು, ಭಯ ಆಯ್ತು. ನಿಲ್ಲಿಸಿ, ರಿಮ್ಮು ಚಾಸಿಗೆ ಅಂಟಿದ್ದ ಸಂದೀಗೆ ಪಾನಾ ತುದಿ ಇಟ್ಟು ಟಿಪ್ಪರಿನೋನ ಕೈಲಿ ಮೆಲ್ಲಗೆ ಸುತ್ತಿಗೆ ಹೊಡಿಸಿದೆ. ಗೋಡೆ ಕೆತ್ತಿದ ಹಾಗೆ ಹೊಪ್ಪಳೆ ಹೊಪ್ಪಳೆ ಉದುರಿತು. ಸೆರಗು ಮುಖಕ್ಕೆ ಎಳ್ಕೊಂಡೆ. ಇನ್ನೊಂದು ಕಾಲು ಸುತ್ತು. ಆಗ ಒಳಗೆ ಕರ್‌ರ್ ಅಂತು. ಚಕ್ರ ಬೆರಳು ಗಾತ್ರ ಮೇಲೆ ಹೋಗಿತ್ತು. ಕೊಕ್ಕೆ ಮೇಲೆ ಬೆಳಕು ಕಾಣ್ತು. ಭಾರ ಬಿಟ್ಟಿತ್ತು.

ಆದ್ರೆ ಕೊಕ್ಕೆ ಸರೀಲಿಲ್ಲ. ಅದರ ಸ್ಪ್ರಿಂಗು ಸುಣ್ಣ ಕಟ್ಟಿ ಸತ್ತಿತ್ತು. ನನ್ನ ಕೈ ಆ ಸಂದೀಲಿ ಹೋಗಲಿಲ್ಲ. ಡ್ರೈವರದು ನನಗಿಂತ ದಪ್ಪ.

‘ನಿನ್ನ ಕುಡುಗೋಲು ತಾ’ ಅಂದೆ ಸೊಸೆಗೆ. ‘ಕೈ ಹಾಕ್ಬೇಡ. ಕುಡುಗೋಲು ಮಾತ್ರ. ಬಾಗಿರೋ ಕಡೆಯಿಂದ ಆ ಗಿಳಿ ಮೂತೀನ ಆಚೆ ತಳ್ಳು.’

ಅವಳು ಗೋಣಿ ಮೇಲೆ ನನ್ನ ಪಕ್ಕ ಮಲಗಿದಳು. ಸೊಪ್ಪು ಕೊಯ್ಯೋ ಕೈ, ಕುಡುಗೋಲು ಅವಳು ಹೇಳಿದ ಕಡೆ ಹೋಗ್ತಿತ್ತು. ಒಂದ್ಸಲ ಜಾರಿತು. ಇನ್ನೊಂದ್ಸಲ ಜಾರಿತು. ‘ಥೂ ನಿನ್ನ’ ಅಂತ ಬೈದು ಮೂರನೇ ಸಲ ಒತ್ತಿದಳು. ಕೊಕ್ಕೆ ಸರೀತು.

‘ಹಾಗೇ ಹಿಡ್ಕೊ. ಲೋ, ಈಗ ಜಾಕು ಇಳಿಸು. ನಿಧಾನ.’

ಜಾಕು ಇಳೀತು. ಹಲಗೆ ಇಳೀತು. ಹಲಗೆ ಮೇಲೆ ಚಕ್ರ ಇಳೀತು. ‘ಕುಡುಗೋಲು ತೆಗಿ, ಎಲ್ಲಾರೂ ಹಿಂದಕ್ಕೆ ಬನ್ನಿ’ ಅಂದೆ. ಕೊನೆಗೆ ಒಂದು ಅಂಚು ಅಂಟಿಕೊಂಡು ವಾಲಿ ನಿಂತಿತ್ತು. ಟಿಪ್ಪರಿನೋನು ಉದ್ದ ರಾಡಲ್ಲಿ ಒಂದು ತಿವಿದ. ದೊಪ್ ಅಂತ ಬಿತ್ತು, ಬಿಳೀ ಧೂಳು ಎದ್ದು ನಾಲ್ಕು ಜನಕ್ಕೂ ಒಂದೇ ಬಣ್ಣ ಆಯ್ತು.

‘ಏರಿಸಿ ಇಳಿಸಿಬಿಟ್ಟಳಲ್ಲೋ ಅಜ್ಜಿ!’ ಅಂದ ಟಿಪ್ಪರಿನೋನು.

ನಮ್ಮವನು ಸ್ಟೆಪ್ನಿ ಮೇಲೆ ಕಾಲಿಟ್ಟ. ಕಾಲು ಒಳಗಿಳೀತು. ಗಾಳಿನೇ ಇರಲಿಲ್ಲ. ಇಷ್ಟು ವರ್ಷ ಯಾರೂ ನೋಡದ ಚಕ್ರದಲ್ಲಿ ಗಾಳಿ ಎಲ್ಲಿರುತ್ತೆ. ಸೊಸೆ ರಸ್ತೆಯಲ್ಲೇ ಕೂತುಬಿಟ್ಟಳು. ನಾನು ಟಿಪ್ಪರಿನೋನ ಮುಖ ನೋಡಿದೆ. ಅವನು ಇಷ್ಟು ಹೊತ್ತು ನಕ್ಕಿದ್ದಕ್ಕೋ ಏನೋ, ಹೇಳಿಸಿಕೊಳ್ಳದೇ ಹೋಗಿ ಉದ್ದನೆ ರಬ್ಬರ್ ಪೈಪು ತಂದ. ಅವನ ಗಾಡಿ ಬ್ರೇಕು ಗಾಳೀಲೇ ಕೆಲಸ ಮಾಡುತ್ತಂತೆ. ಇಂಜಿನ್ ಆನ್ ಇಟ್ರೆ ಅದರಿಂದಲೇ ಟೈರಿಗೆ ಗಾಳಿ ತುಂಬಬಹುದಂತೆ. ತುಂಬಿಸಿದ. ಉಸ್ ಅನ್ನೋ ಸದ್ದಿಗೆ ಕಿವಿ ಕೊಟ್ಟು ನೋಡಿದ್ವಿ, ಎಲ್ಲೂ ಸೋರಲಿಲ್ಲ.

ಮಿಕ್ಕಿದ್ದು ಎಲ್ಲರಿಗೂ ಗೊತ್ತಿರೋ ಕೆಲಸ. ನೆಲದ ಮೇಲಿರೋವಾಗಲೇ ನಟ್ಟು ಸಡಿಲ ಮಾಡಿ, ಜಾಕು ಕೊಟ್ಟು, ಚಕ್ರ ಬದಲಾಯಿಸಿದ್ವಿ. ಸೀಳಿದ ಟೈರನ್ನ ಮತ್ತೆ ಹೊಟ್ಟೆಗೆ ನೇತುಹಾಕೋಕೆ ನಾನು ಬಿಡಲಿಲ್ಲ, ಮೇಲೆ ಕ್ಯಾರಿಯರಿಗೆ ಕಟ್ಟಿಸಿದೆ. ಎಲ್ಲರೂ ಕೈ ತೊಳೆದು, ಒರೆಸ್ಕೊಂಡು, ಟ್ರೇ ಒಂದೊಂದಾಗಿ ಒಳಗಿಟ್ವಿ. ಅಲ್ಲೊಂದು ಇಲ್ಲೊಂದು ಹುಳ ಹೊಸ ಬಾಯಿ ಆಡಿಸ್ತಾ ಸೊಪ್ಪು ಹುಡುಕ್ತಿತ್ತು. ಬಿಸಿಲು ಮೋರಿ ಕಟ್ಟೆಗೆ ಬಂದಿತ್ತು, ಟ್ರೇಗೆ ಬಂದಿರಲಿಲ್ಲ.

ಹೊರಡೋವಾಗ ಟಿಪ್ಪರಿನೋನು ಕಿಟಕಿ ಹತ್ತಿರ ಬಂದ. ‘ಅಜ್ಜೀ, ನಂಗೂ ಒಂದ್ಸಲ ತೋರ್ಸಿ, ಹುಳ ಹೇಗಿರುತ್ತೆ.’ ಬಟ್ಟೆ ಎತ್ತಿ ತೋರಿಸಿದೆ. ಬಗ್ಗಿ ನೋಡಿ, ‘ಇಷ್ಟಕ್ಕಾ ಇಷ್ಟೆಲ್ಲಾ?’ ಅಂದ.

‘ಇಷ್ಟಕ್ಕೇ’ ಅಂದೆ.

ಸೊಸೆ ಮೊಪೆಡ್ಡಲ್ಲಿ ಮುಂದೆ ಹೋದಳು. ಅವಳ ಹುಳದ ಮನೆ ತಣ್ಣಗೆ, ಚೊಕ್ಕಟವಾಗಿತ್ತು. ಮಾವ ಜಗಲಿ ಮೇಲಿಂದ ನಮ್ಮ ಬಿಳೀ ಮುಖಗಳನ್ನ ನೋಡಿ, ‘ಎಲ್ಲಿ ಬಣ್ಣ ಬಳಿಯೋಕೆ ಹೋಗಿದ್ರಿ’ ಅಂದ. ಟ್ರೇ ಇಟ್ಟು, ‘ಎಲ್ಲಾ ಏಳೋ ತನಕ ಕಾಯಿ, ಆಸೆ ಬಿದ್ದು ಸೊಪ್ಪು ಹಾಕ್ಬೇಡ’ ಅಂತ ಇನ್ನೊಂದ್ಸಲ ಹೇಳಿ ಬಂದೆ.

ಮಾರನೇ ದಿನ ಬೆಳಿಗ್ಗೆ ನಾನು ನಮ್ಮ ಚಾಕಿ ಮನೆ ಕಡೆ ಹೋಗಲಿಲ್ಲ. ಡ್ರೈವರ ಕೈಲಿ ಆ ರಾಟೇನ ಬೋಲ್ಟ್ ಬಿಚ್ಚಿ ಹೊರಗೆ ತೆಗೆಸಿ, ಹಳೇ ಟ್ರೇಲಿ ಸೀಮೆಎಣ್ಣೆ ಹಾಕಿ ಅದರಲ್ಲಿ ನೆನೆಸಿದೆ. ಜಗಲಿ ಮೇಲೆ ಕೂತು ತೆಂಗಿನ ನಾರಲ್ಲಿ ಉಜ್ಜಿದೆ. ಸುಣ್ಣ ಬಿಟ್ಟ ಮೇಲೆ ಒಳಗಿನ ಹಲ್ಲು, ಸ್ಪ್ರಿಂಗು, ಕೊಕ್ಕೆ ಎಲ್ಲಾ ಕಂಡ್ವು. ಒಂದನ್ನೊಂದು ಹೇಗೆ ತಳ್ಳುತ್ತೆ ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಹೆಬ್ಬೆರಳಲ್ಲಿ ಕೊಕ್ಕೆ ಒತ್ತಿದೆ. ಬಿಟ್ಟೆ. ಟಕ್ ಅಂತ ವಾಪಸ್ ಬಂತು.

ಆಗ ಫೋನ್ ಬಂತು. ಆವತಿ ಆಚೆಯ ಸೊಸೆ. ‘ಎದ್ದ್ವು ಅಜ್ಜೀ! ಎಲ್ಲಾ ಒಟ್ಟಿಗೆ! ಸೊಪ್ಪು ಹಾಕ್ದೆ, ಸದ್ದು ಕೇಳ್ತಿದೆ, ಕೇಳಿ’ ಅಂತ ಫೋನನ್ನ ಟ್ರೇ ಮೇಲೆ ಹಿಡಿದಳು. ಅಷ್ಟು ಸಣ್ಣ ಹುಳ ತಿನ್ನೋ ಸದ್ದು ಫೋನಲ್ಲಿ ಕೇಳಲ್ಲ. ‘ಕೇಳ್ತು ಬಿಡು’ ಅಂದೆ.

ಡ್ರೈವರು ಪಂಪು ಹೆಗಲಿಗೆ ಹಾಕ್ಕೊಂಡು ಬಂದು ನಿಂತ. ‘ಅಮ್ಮಾ, ಇವತ್ತಿಂದ ಹೊಟ್ಟೆಗೆ ಹೊಡೀಲಾ ಬೇಡ್ವಾ?’

‘ಚಕ್ರಕ್ಕೆ ಸುಣ್ಣ. ಹೊಟ್ಟೆಗೆ ಬರೀ ನೀರು.’

‘ಸರಿ, ಹಾಗಾದ್ರೆ ಅದನ್ನ ಕೊಡಿ, ಹೊಸ ಕೇಬಲ್ ಹಾಕಿಸ್ಕೊಂಡು ಬರ್ತೀನಿ.’

‘ಇರು’ ಅಂದೆ. ಕೊಕ್ಕೇನ ಇನ್ನೊಂದ್ಸಲ ಒತ್ತಿ ಬಿಟ್ಟೆ.